ಪದವೀಧರರು ಮುಂದೆ ಏನಾದರು?

ಮೈಸೂರಿನ ವಿದ್ಯಾರಣ್ಯಪುರಂನಂತಹ ಬಡಾವಣೆಯಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸಲು ಹೊರಟ ಗೃಹಸ್ಥರು ಮೊದಲು ಕೇಳುವ ಪ್ರಶ್ನೆ ಇದು: ಇಲ್ಲಿ ಓದಿದವರು ಮುಂದೆ ಏನಾದರು? ವರ್ಷಗಳ ಉಳಿತಾಯವನ್ನೇ ಶುಲ್ಕಕ್ಕೆ ಸುರಿಯಬೇಕಾದವರಿಗೆ ನಿಜವಾದ ಉತ್ತರ ದೊರೆಯಬೇಕಾದುದು ನ್ಯಾಯವಷ್ಟೆ.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿಯೂ, ಮಾನಂದವಾಡಿ ರಸ್ತೆಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್ 1946ರಲ್ಲಿಯೂ ಸ್ಥಾಪಿತವಾದುವು. ಇಂತಹ ವಿದ್ಯಾಸಂಸ್ಥೆಗಳಿಂದ ಹೊರಬಂದವರು ದೇಶವಿದೇಶಗಳಲ್ಲಿ ಹರಡಿರುವರು. ಹಿಂದೆ ಅವರ ಕ್ಷೇಮಸಮಾಚಾರವನ್ನರಿಯಲು ಹಳೆಯ ವಿದ್ಯಾರ್ಥಿಗಳ ಸಂಘ ಮತ್ತು ಅಂಚೆಯ ಕಾಗದಗಳೇ ಗತಿಯಾಗಿದ್ದುವು. ವಿಳಾಸ ಬದಲಾದರೆ ನಂಟೂ ಕಡಿಯುತ್ತಿತ್ತು.

ಈಗಲಾದರೋ ಲೆಕ್ಕ ಕೊಡುವುದು ಕಾಲೇಜುಗಳಿಗೆ ಅನಿವಾರ್ಯವಾಗಿದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಣಿಪಟ್ಟಿಯು 2016ರಲ್ಲಿ ಮೊದಲು ಹೊರಬಂದಿತು. ಅದರಲ್ಲಿ ಪದವೀಧರರ ಫಲಿತಾಂಶಕ್ಕೂ ಅಂಕಗಳುಂಟು. ಈ ವಿಷಯವನ್ನು ಕಲೆಹಾಕಲು ಸಾಮಾಜಿಕ ಜಾಲತಾಣವು ಸುಲಭವಾದ ಸಾಧನವಾಗಿ ಕಾಣುವುದು ಸಹಜ. 2003ರಲ್ಲಿ ಆರಂಭವಾದ ಲಿಂಕ್ಡ್‌ಇನ್‌ನಲ್ಲಿ ಜನರು ತಮ್ಮ ಓದು, ಉದ್ಯೋಗ, ಊರುಗಳನ್ನು ತಾವೇ ಬರೆದಿಡುವರು. ಹೆಸರನ್ನೂ ತೇರ್ಗಡೆಯಾದ ವರ್ಷವನ್ನೂ ಕಾಲೇಜಿನ ದಾಖಲೆಯೊಡನೆ ತಾಳೆನೋಡಿದರೆ ಒಬ್ಬೊಬ್ಬರ ದಾರಿಯೂ ತಿಳಿದೀತು. 2014ರಲ್ಲಿ ಆ ಸಂಸ್ಥೆಯೇ ಇಂತಹ ವಿವರಗಳಿಂದ ಅಮೆರಿಕ, ಬ್ರಿಟನ್, ಕೆನಡಾಗಳ ವಿಶ್ವವಿದ್ಯಾನಿಲಯಗಳಿಗೆ ಶ್ರೇಣಿ ಕಟ್ಟಿತು.

ಆದರೆ ವಾಚಕರು ಇಲ್ಲಿ ಎಚ್ಚರವಾಗಿರಬೇಕು. ಒಂದು ತರಗತಿಯ 100 ಮಂದಿಯಲ್ಲಿ 60 ಮಂದಿ ಜಾಲತಾಣದಲ್ಲಿ ಸಿಕ್ಕರೆಂದೂ, ಅವರಲ್ಲಿ 54 ಮಂದಿಗೆ ಉದ್ಯೋಗವಿದೆಯೆಂದೂ ಭಾವಿಸೋಣ. ಸಿಕ್ಕವರನ್ನೇ ಎಣಿಸಿದರೆ ನೂರಕ್ಕೆ 90. ಎಲ್ಲರನ್ನೂ ಎಣಿಸಿದರೆ ಖಚಿತವಾಗಿ ತಿಳಿದದ್ದು 54 ಮಾತ್ರ. ಕಾಣದ 40 ಮಂದಿ ಯಾರು? ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವವರಿರಬಹುದು, ತಂದೆಯ ಅಂಗಡಿಯಲ್ಲಿ ಕುಳಿತವರಿರಬಹುದು, ಮದುವೆಯಾಗಿ ಸಂಸಾರ ನೋಡಿಕೊಳ್ಳುವ ಹೆಣ್ಣುಮಕ್ಕಳಿರಬಹುದು, ಕೆಲಸ ಸಿಕ್ಕದೆ ಸಂಕೋಚದಿಂದ ಸುಮ್ಮನಿರುವವರೂ ಇರಬಹುದು. ಜಾಲತಾಣದಲ್ಲಿ ಮಾತನಾಡುವವರು ಹೆಚ್ಚಾಗಿ ಗೆದ್ದವರೇ. ಅವರು ಬರೆದುಕೊಂಡ ಹುದ್ದೆ ಎಂದೋ ಬಿಟ್ಟದ್ದೂ ಆಗಿರಬಹುದು.

ಇನ್ನೊಂದು ಮಾತು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು, ಒಬ್ಬನು ತಾನಾಗಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ವಿವರಗಳಿಗೆ ಅನ್ವಯಿಸುವುದಿಲ್ಲ. ಆದುದರಿಂದ ಬರೆಯುವ ಮುನ್ನವೇ ಯೋಚಿಸುವಂತೆ ಮಕ್ಕಳಿಗೆ ತಿಳಿಯಹೇಳುವುದು ಹಿರಿಯರಿಗೆ ತಕ್ಕುದು.

ಈ ಉಪಾಯವನ್ನು ನಾವು ಹಳಿಯುವುದಿಲ್ಲ; ಕಾಗದ ತಲಪದ ಕಡೆಗೂ ಅದು ತಲಪುವುದು. ಆದರೆ ಕಾಲೇಜಿನವರು ಶೇಕಡಾವಾರು ಅಂಕಿಯನ್ನು ಮುಂದಿಟ್ಟಾಗ ಗೃಹಸ್ಥರು ವಿನಯದಿಂದಲೇ ಮೂರು ಪ್ರಶ್ನೆಗಳನ್ನು ಕೇಳಲಿ: ತೇರ್ಗಡೆಯಾದವರೆಷ್ಟು? ನಿಮಗೆ ಸಿಕ್ಕವರೆಷ್ಟು? ಸಿಕ್ಕದವರನ್ನು ಹುಡುಕಲು ಏನು ಮಾಡಿದಿರಿ?