ಹಳೆ ಟ್ರ್ಯಾಕ್ಟರಿಗೆ ರಾತ್ರಿಯ ಕರೆಂಟು

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಟ್ರ್ಯಾಕ್ಟರು ಹಗಲಿನಷ್ಟೇ ಕತ್ತಲಲ್ಲೂ ದುಡಿಯುವ ತಿಂಗಳುಗಳಿವೆ. ಚಳಿ ಬಿತ್ತೆಂದರೆ ಭೂಸನೂರು, ಹವಳಗಾ, ಮಳ್ಳಿಯ ಸಕ್ಕರೆ ಕಾರ್ಖಾನೆಗಳತ್ತ ಕಬ್ಬು ಹೇರಿದ ಜೋಡಿ ಟ್ರಾಲಿಗಳು ಸಾಲುಗಟ್ಟುತ್ತವೆ. ಅದೇ ಹೊತ್ತಿಗೆ ತೊಗರಿ ರಾಶಿಯ ಗಡಿಬಿಡಿ. ಈ ಭಾರವನ್ನು ಹೆಚ್ಚಾಗಿ ಹೊಸ ಗಾಡಿಗಳೇ ಹೊತ್ತರೂ ಹಳೆಯ ಮೆಸ್ಸಿ, ಮಹೀಂದ್ರ ಬಿ-275, ಎಚ್‌ಎಂಟಿ ಜೆಟರ್‌ಗಳು ಇನ್ನೂ ನಿವೃತ್ತಿ ಪಡೆದಿಲ್ಲ. ಅವುಗಳ ಎಂಜಿನ್ನು ಗಟ್ಟಿ; ಕೈಕೊಡುವುದು ಕರೆಂಟು. ಅದಕ್ಕೆ ಆಟೊ ಎಲೆಕ್ಟ್ರಿಕ್ ಅಂಗಡಿಯ ವೈರಿಂಗ್ ಮಿಸ್ತ್ರಿ ಹೇಳುವ ಮದ್ದು, ಡೈನಮೋ ಇಳಿಸಿ ಆಲ್ಟರ್ನೇಟರ್ ಕೂರಿಸುವುದು. ಬ್ಯಾಟರಿ ಉಳಿಸುವ ಉಪಾಯವೆಂದಷ್ಟೇ ಇದನ್ನು ಕಾಣುವುದು ಸಾಲದು. ರಾತ್ರಿ ಆ ಟ್ರಾಲಿಯ ಹಿಂದೆ ಬೈಕಿನಲ್ಲಿ ಬರುವವನ ಜೀವದ ಪ್ರಶ್ನೆ ಇದರಲ್ಲಿದೆ ಎಂಬುದು ನನ್ನ ವಾದ.

ಡೈನಮೋ ಕೆಟ್ಟ ಯಂತ್ರವಲ್ಲ, ಬೇರೆ ಬಗೆಯ ದುಡಿಮೆಗೆ ತಕ್ಕದ್ದು. ಅದರಲ್ಲಿ ಕರೆಂಟು ಹುಟ್ಟುವುದು ತಿರುಗುವ ಆರ್ಮೇಚರಿನಲ್ಲಿ. ಹುಟ್ಟಿದ್ದೆಲ್ಲ ಕಮ್ಯುಟೇಟರಿನ ತಾಮ್ರಪಟ್ಟಿಗಳಿಗೆ ಉಜ್ಜುವ ಕಾರ್ಬನ್ ಬ್ರಷ್ ದಾಟಿಯೇ ಹೊರಬರಬೇಕು. ಅತಿವೇಗದಲ್ಲಿ ತಿರುಗಿಸಿದರೆ ಆರ್ಮೇಚರಿನ ಸುರುಳಿ ಕಿತ್ತು ಬರುವ ಅಪಾಯವಿರುವುದರಿಂದ ಅದಕ್ಕೆ ದೊಡ್ಡ ಪುಲ್ಲಿ ಹಾಕುತ್ತಾರೆ. ಹಾಗಾಗಿ ರೇಸ್ ಇಳಿಸಿದಾಗ ಅದು ಏನೂ ಕೊಡುವುದಿಲ್ಲ. ಹಗಲಲ್ಲಿ ಒಂದೇ ವೇಗದಲ್ಲಿ ನೇಗಿಲು ಎಳೆಯುವ ಗಾಡಿಗೆ ಇದು ಕೊರತೆಯೇ ಆಗಿರಲಿಲ್ಲ. ಆಲ್ಟರ್ನೇಟರಿನಲ್ಲಿ ಈ ವ್ಯವಸ್ಥೆ ತಿರುವುಮುರುವು. ತಿರುಗುವುದು ಅಯಸ್ಕಾಂತವಾಗುವ ರೋಟರ್ ಮಾತ್ರ, ಅದರ ಬ್ರಷ್‌ಗಳು ಹೊರುವುದು ಕೆಲವೇ ಆಂಪಿಯರ್. ಕರೆಂಟು ಹುಟ್ಟುವುದು ಅಲುಗದೆ ಕೂತ ಸ್ಟೇಟರಿನಲ್ಲಿ. ಅದನ್ನು ಡಯೋಡ್‌ಗಳು ಡಿಸಿಯಾಗಿ ತಿರುಗಿಸುತ್ತವೆ. ರೋಟರ್ ನಿಮಿಷಕ್ಕೆ 10,000 ಸುತ್ತನ್ನೂ ತಾಳುತ್ತದೆ. ಟ್ರ್ಯಾಕ್ಟರ್ ಎಂಜಿನ್ ಮುಟ್ಟುವುದೇ 2,000ದ ಆಸುಪಾಸು. ಚಿಕ್ಕ ಪುಲ್ಲಿಯಿಂದ ಮೂರು ಪಟ್ಟು ವೇಗ ಕೊಟ್ಟರೂ ಭಯವಿಲ್ಲ, ಎಂಜಿನ್ ನಿಂತಲ್ಲೇ ಗುಡುಗುಡು ಅನ್ನುವಾಗಲೂ ಚಾರ್ಜು ಸಿಗುತ್ತದೆ. ಸಿಲಿಕಾನ್ ಡಯೋಡ್ ಅಗ್ಗವಾದ ಮೇಲೆ ಸಾಧ್ಯವಾದ ಮಾತಿದು: ಅಮೆರಿಕದ ಕ್ರೈಸ್ಲರ್ 1960ರಲ್ಲಿ ತನ್ನ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರನ್ನೇ ಕೂರಿಸಿ ಕೊಟ್ಟಿತು. ಮರುವರ್ಷ ಮದರಾಸಿನ ಪಾಡಿಯಲ್ಲಿ ವಾಹನಗಳ ಕರೆಂಟಿನ ಸಾಮಾನು ತಯಾರಿಸುವ ಲ್ಯೂಕಾಸ್-ಟಿವಿಎಸ್ ಆರಂಭವಾಯಿತು.

ಡೀಸೆಲ್ ಎಂಜಿನ್ ಒಮ್ಮೆ ಚಾಲೂ ಆದ ಮೇಲೆ ಅದಕ್ಕೆ ಕರೆಂಟು ಯಾಕೆ, ಇಳಿಜಾರಿನಲ್ಲಿ ನಿಲ್ಲಿಸಿದರೆ ಸೆಲ್ಫೂ ಬೇಡವಲ್ಲ ಎಂಬ ಆಕ್ಷೇಪ ಹಳೆಯದು, ಎಂಜಿನ್ನಿನ ಮಟ್ಟಿಗೆ ಖರೆಯೂ ಹೌದು. ಲೆಕ್ಕ ಹಾಕಿ ನೋಡೋಣ. ಸೆಲ್ಫ್ ಮೋಟಾರು 300 ಆಂಪಿಯರ್ ಎಳೆದರೂ ಅದು ಐದು ಸೆಕೆಂಡಿನ ಕೆಲಸ. ಬ್ಯಾಟರಿಯಿಂದ ಹೋಗುವುದು ಅರ್ಧ ಆಂಪಿಯರ್-ಅವರ್‌ಗಿಂತ ಕಡಿಮೆ. 55 ವ್ಯಾಟಿನ ಎರಡು ಹೆಡ್‌ಲೈಟು, ಹಿಂದಿನ ಕೆಂಪು ದೀಪಗಳು ಸೇರಿದರೆ ಸುಮಾರು 11 ಆಂಪಿಯರ್. ಕಾರ್ಖಾನೆಯ ಸರದಿಯಲ್ಲಿ ಎರಡು ತಾಸು ದೀಪ ಹಾಕಿಕೊಂಡು ತೆವಳಿದರೆ 22 ಆಂಪಿಯರ್-ಅವರ್ ಹೋಯಿತು, ಅಂದರೆ ಐವತ್ತು ಸಲ ಸೆಲ್ಫ್ ಹೊಡೆದಷ್ಟು. ಟ್ರ್ಯಾಕ್ಟರಿಗೆ ಬರುತ್ತಿದ್ದ ಲ್ಯೂಕಾಸ್ ಡೈನಮೋಗಳಲ್ಲಿ ಪೂರ್ತಿ ವೇಗದಲ್ಲೂ 11 ಆಂಪಿಯರ್ ಮಾತ್ರ ಕೊಡುವಂಥವಿದ್ದವು. ಬೆಳಗ್ಗೆ ಗಾಡಿ ಚಾಲೂ ಆಗಲೇಬೇಕಾದ ಡ್ರೈವರ್ ಆಗ ಏನು ಮಾಡಿಯಾನು? ದೀಪ ಆರಿಸುತ್ತಾನೆ. ನಿಂತ ಕಬ್ಬಿನ ಟ್ರಾಲಿಗೆ ಹಿಂದಿನಿಂದ ಬೈಕ್ ಗುದ್ದಿದ ಸುದ್ದಿಯನ್ನು ಪ್ರತಿ ಹಂಗಾಮಿನಲ್ಲೂ ಓದುತ್ತೇವೆ. ಅದಕ್ಕೆ ಡ್ರೈವರನ ಅಜಾಗ್ರತೆಯೊಂದನ್ನೇ ಹೊಣೆ ಮಾಡಿ ಸುಮ್ಮನಾಗುವುದು ನ್ಯಾಯವಲ್ಲ.

ಹಾಗಾದರೆ ಎಲ್‌ಇಡಿ ಹಾಕಿದರಾಯಿತು, ಡೈನಮೋ ಇರಲಿ ಎನ್ನುವವರ ಮಾತಿನಲ್ಲಿ ತೂಕವಿದೆ. ಎಲ್‌ಇಡಿ ಎಳೆಯುವ ಕರೆಂಟು ಬಹಳ ಕಡಿಮೆ. ಹಗಲಲ್ಲಿ ಉಳುಮೆ, ಬಿತ್ತನೆಗಷ್ಟೇ ಹೊರಡುವ ಗಾಡಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನಿಂತ ಗಾಡಿಯಲ್ಲಿ ಡೈನಮೋದ ಕೊಡುಗೆ ಸೊನ್ನೆಯೇ. ಬ್ಯಾಟರಿ ತುಸು ತಡವಾಗಿ ಬರಿದಾಗುತ್ತದೆ, ಅಷ್ಟೆ. ಮೇಲಾಗಿ ಡೈನಮೋದ ಚಾರ್ಜನ್ನು ಹತೋಟಿಯಲ್ಲಿಡುವ ಹಳೆಯ ಕಟೌಟಿನ ಪಾಯಿಂಟುಗಳು ಸವೆದರೆ ವೋಲ್ಟೇಜು ಏರಿಳಿಯುತ್ತದೆ, ಅಗ್ಗದ ಎಲ್‌ಇಡಿ ಅದನ್ನು ಸಹಿಸುವುದಿಲ್ಲ.

ರಿಪೇರಿಯ ಆಕ್ಷೇಪ ಇದಕ್ಕಿಂತ ಗಂಭೀರ. ಡೈನಮೋವನ್ನು ಊರಲ್ಲೇ ಬಿಚ್ಚಿ, ಕಮ್ಯುಟೇಟರನ್ನು ಲೇತಿಗೆ ಹಾಕಿ, ವೈಂಡಿಂಗ್ ಸುತ್ತಿ ಎಬ್ಬಿಸಬಹುದು. ಆಲ್ಟರ್ನೇಟರಿನ ಡಯೋಡ್ ಸುಟ್ಟರೆ ಬಿಡಿಭಾಗಕ್ಕೆ ಕಲಬುರಗಿಗೋ ಸೊಲ್ಲಾಪುರಕ್ಕೋ ಓಡಬೇಕು. ಆದರೆ ಡಯೋಡ್ ಸುಡುವುದಕ್ಕೆ ಹಲವು ಸಲ ಹಳೆಯ ರೂಢಿಗಳೇ ಕಾರಣ. ಚಾರ್ಜು ಬರುತ್ತಿದೆಯೇ ಎಂದು ತಿಳಿಯಲು ಓಡುವ ಎಂಜಿನ್ನಿನಲ್ಲೇ ಬ್ಯಾಟರಿ ಟರ್ಮಿನಲ್ ಕೀಳುವುದುಂಟು. ಡೈನಮೋ ಕಾಲದ ಈ ಪರೀಕ್ಷೆ ಆಲ್ಟರ್ನೇಟರಿಗೆ ವಿಷ: ಒಮ್ಮೆಲೆ ಜಿಗಿದ ವೋಲ್ಟೇಜು ಡಯೋಡನ್ನೂ ರೆಗ್ಯುಲೇಟರನ್ನೂ ಸುಡುತ್ತದೆ. ಗಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ, ಆಲ್ಟರ್ನೇಟರ್ ವೈರು ಬಿಚ್ಚದಿದ್ದರೂ ಇದೇ ಗತಿ. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರುವುದುಂಟು. ಅದನ್ನು ನೆಗೆಟಿವ್‌ಗೆ ತಿರುಗಿಸದೆ ಜೋಡಿಸಿದರೆ ಹೊಸ ಆಲ್ಟರ್ನೇಟರ್ ಆ ಕ್ಷಣಕ್ಕೇ ಸುಡುತ್ತದೆ.

ಆದ್ದರಿಂದ ಇಲ್ಲಿ ಸಾಮಾನಿಗಿಂತ ಮಿಸ್ತ್ರಿಯ ಕೈ ದೊಡ್ಡದು. ಡೈನಮೋ ಉದ್ದ, ಆಲ್ಟರ್ನೇಟರ್ ಗಿಡ್ಡ. ಬ್ರಾಕೆಟ್ ಕಟ್ಟುವಾಗ ಪುಲ್ಲಿಗಳು ಒಂದೇ ಗೆರೆಗೆ ಬರದಿದ್ದರೆ ಬೆಲ್ಟ್ ಹರಿಯುತ್ತದೆ. ಅದೇ ಬೆಲ್ಟು ವಾಟರ್ ಪಂಪನ್ನೂ ತಿರುಗಿಸುವುದರಿಂದ ಎಂಜಿನ್ನೇ ಕಾದೀತು. ಕಟೌಟನ್ನು ಪೂರ್ತಿ ತೆಗೆಯಬೇಕು, ಬ್ಯಾಟರಿಗೆ ದಪ್ಪ ವೈರು ಎಳೆಯಬೇಕು, 30 ಆಂಪಿಯರಿನ ಹಳೆ ಮೀಟರಿನ ಮೂಲಕ ಹೊಸ ಕರೆಂಟು ಹರಿಸಬಾರದು. ಡ್ಯಾಶಿನ ಚಾರ್ಜಿಂಗ್ ಬಲ್ಬು ಅಲಂಕಾರಕ್ಕಲ್ಲ, ರೋಟರಿಗೆ ಮೊದಲ ಕರೆಂಟು ಅದರ ಮೂಲಕವೇ ಹೋಗುತ್ತದೆ. ಕೆಲಸ ಮುಗಿದಾಗ ಎಂಜಿನ್ ಓಡುತ್ತಿರಲು ಬ್ಯಾಟರಿ ಮೇಲೆ ಮೀಟರ್ ಹಿಡಿದರೆ 14 ವೋಲ್ಟಿನ ಆಸುಪಾಸು ತೋರಿಸಬೇಕು. ಆಮೇಲೆ ರೇಸ್ ಇಳಿಸಿ, ದೀಪ ಹಾಕಿ ಮತ್ತೆ ನೋಡಬೇಕು. ಈ ಗಾಡಿಯ ನಿಜವಾದ ಪರೀಕ್ಷೆ ಅದು. ರಾಶಿಯ ಹೊಟ್ಟು, ಎರೆಮಣ್ಣಿನ ಧೂಳು ಆಲ್ಟರ್ನೇಟರಿನ ಒಳಹೊಗುವುದರಿಂದ ಆಗಾಗ ಗಾಳಿ ಹೊಡೆಸಬೇಕು.

ಇಷ್ಟಾಗಿಯೂ ಟ್ರಾಲಿಯ ವೈರು ಹಾಗೇ ಉಳಿದರೆ ಕೆಲಸ ಅರ್ಧ. ಕೊಂಡಿಯ ಪಿನ್ನಿನಿಂದಲೇ ಅರ್ಥ್ ಸಿಗುತ್ತದೆಂದು ನಂಬಿದರೆ ಗ್ರೀಸು, ತುಕ್ಕಿನ ನಡುವೆ ದೀಪ ಮಿಣುಕುತ್ತದೆ. ಎರಡೂ ಟ್ರಾಲಿಗೆ ಪ್ಲಗ್ಗು, ಅರ್ಥಿಗೆ ಬೇರೆಯೇ ವೈರು ಬೇಕು. ಹೊರಚಾಚಿದ ಕಬ್ಬು ದೀಪವನ್ನು ಮುಚ್ಚದಂತೆ ಕೆಂಪು ದೀಪಗಳನ್ನು ಎರಡನೇ ಟ್ರಾಲಿಯ ಚಾಸಿಯ ತುದಿಗೆ, ಹೇರಿನ ಕೆಳಗೆ ಕಾಣುವಂತೆ ಕೂರಿಸಲು ಮಿಸ್ತ್ರಿಗೆ ಅದೇ ದಿನ ಹೇಳಬೇಕು.