ಮೂರು ದಿನಕ್ಕೊಂದು ನಡೆ

ಹೋದ ತಿಂಗಳು ಅಪ್ಪನ ಎದುರು ಚೆಸ್‌ನಲ್ಲಿ ಸೋತೆ. ಬೋರ್ಡ್ ಮೇಲೆ ನನಗೆ ಒಂದು ಕುದುರೆ ಹೆಚ್ಚೇ ಇತ್ತು. ಸೋತಿದ್ದು ಟೈಮ್ ಮುಗಿದು.

ಅಪ್ಪ ಇರೋದು ಹುಣಸಗಿಯಲ್ಲಿ, ನಾನು ಬೆಂಗಳೂರಿನಲ್ಲಿ. ಇಬ್ಬರಿಗೂ ಒಂದೇ ಹೊತ್ತಿಗೆ ಬಿಡುವು ಸಿಗೋದು ಕಷ್ಟ. ಅದಕ್ಕೇ ಲಿಚೆಸ್‌ನಲ್ಲಿ ಕರೆಸ್ಪಾಂಡೆನ್ಸ್ ಆಟ ಶುರು ಮಾಡಿದ್ವಿ. ಹಿಂದೆ ಪೋಸ್ಟ್‌ಕಾರ್ಡ್‌ನಲ್ಲಿ ನಡೆ ಬರೆದು ಕಳಿಸ್ತಿದ್ದರಲ್ಲ, ಅದೇ ಆಟ ಈಗ ಮೊಬೈಲ್‌ನಲ್ಲಿ. ಅಪ್ಪ ಹೊಲದಿಂದ ಬಂದ ಮೇಲೆ ಒಂದು ನಡೆ, ನಾನು ಮೆಟ್ರೋದಲ್ಲಿ ಒಂದು ನಡೆ.

ಇದರಲ್ಲಿ 1 ದಿನದಿಂದ 14 ದಿನದವರೆಗೆ ಗಡುವು ಆರಿಸಬಹುದು. ನಾವು ಆರಿಸಿದ್ದು 3 ದಿನ. ಅದು ಇಡೀ ಆಟಕ್ಕಲ್ಲ, ಒಂದೊಂದು ನಡೆಗೆ. ಎದುರಿನವರು ಆಡಿದ ಕ್ಷಣದಿಂದ ನಿಮ್ಮ 72 ಗಂಟೆ ಶುರು. ಐದೇ ನಿಮಿಷದಲ್ಲಿ ಆಡಿದರೂ ಉಳಿದ ಸಮಯ ಜಮಾ ಆಗಲ್ಲ, ಮುಂದಿನ ಸಲ ಮತ್ತೆ 72 ಗಂಟೆಯೇ. ರಾತ್ರಿ, ಭಾನುವಾರ, ಊರ ಜಾತ್ರೆ ಅಂತ ಗಡಿಯಾರ ನಿಲ್ಲಲ್ಲ. ಚೆಸ್.ಕಾಮ್‌ನಲ್ಲಾದರೆ ರಜೆ ಹಾಕಿ ನಿಲ್ಲಿಸಬಹುದು.

1951ರಲ್ಲಿ ಶುರುವಾದ ಅಂತರರಾಷ್ಟ್ರೀಯ ಕರೆಸ್ಪಾಂಡೆನ್ಸ್ ಚೆಸ್ ಸಂಸ್ಥೆ ಐಸಿಸಿಎಫ್‌ನ ಹಳೇ ಲೆಕ್ಕ ಬೇರೆ: 10 ನಡೆಗೆ 50 ದಿನ. ಸುಲಭದ ನಡೆ ಬೇಗ ಆಡಿದರೆ ಉಳಿದ ದಿನ ಕಷ್ಟದ ನಡೆಗೆ ಸಿಗುತ್ತೆ. ಕಾಗದದ ಕಾಲದಲ್ಲಿ ಅಂಚೆಯಲ್ಲಿ ಕಳೆದ ದಿನಗಳನ್ನು ಆಟಗಾರರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಗಡುವು ಆರಿಸುವ ಮೊದಲು ಒಂದು ಗುಣಾಕಾರ ಮಾಡಿ. ಇಬ್ಬರೂ 40 ನಡೆ ಆಡಿದರೆ, 3 ದಿನದಂತೆ ಆಟ 240 ದಿನ ಎಳೆಯಬಹುದು. 14 ದಿನದಂತೆ ಹಿಡಿದರೆ ಮೂರು ವರ್ಷ ದಾಟುತ್ತೆ! ಹಾಗಂತ ತೀರಾ ಕಡಿಮೆಯೂ ಬೇಡ. ಬಿಡುವಿನ ವಾರ ನೋಡಿ ಗಡುವು ಹಾಕಬೇಡಿ, ಉಸಿರಾಡಲೂ ಪುರುಸೊತ್ತಿಲ್ಲದ ವಾರ ನೋಡಿ ಹಾಕಿ.

ನನ್ನ ಅಂಥ ವಾರ ಆಫೀಸಿನ ರಿಲೀಸ್ ಇತ್ತು. ನೋಟಿಫಿಕೇಶನ್ ಬಂದಾಗೆಲ್ಲ ಸರಿಸಿಬಿಟ್ಟೆ, ಮನೆಯ ಫೋನೂ ಎತ್ತಲಿಲ್ಲ. ನಾಲ್ಕನೇ ದಿನ ಫೋನ್ ಮಾಡಿದಾಗ ಅಪ್ಪ ಗೆದ್ದ ಖುಷಿಯಲ್ಲಿರಲಿಲ್ಲ.

“ತಮ್ಮಾ, ಆಟದ ಮಾತು ಬಿಡು. ಮೂರು ದಿನ ನೀ ಕಾಯಿ ನಡಸಲಿಲ್ಲ ಅಂದ್ರ, ಆರಾಮ ಇಲ್ಲೇನೋ ಅಂತ ನಿಮ್ಮವ್ವ ಊಟ ಬಿಟ್ಟು ಕುಂತಾಳ.”

ಹೊಸ ಆಟಕ್ಕೆ 7 ದಿನ ಇಡೋಣ ಅಂದೆ.

“ಬ್ಯಾಡ. ಏಳು ದಿನ ಇಟ್ರ ನೀ ವಾರಕ್ಕೊಮ್ಮೆ ನೆನಸ್ತಿ. ಮೂರೇ ಇರಲಿ.”

ಈಗ ನನ್ನ ಸರದಿ, ಇನ್ನೂ 31 ಗಂಟೆ ಇದೆ. ಇದನ್ನು ಬರೆದು ಮುಗಿಸಿದ ಕೂಡಲೇ ಆಡ್ತೀನಿ.