ಹಳೆ ಕಂಪ್ಯೂಟರಿನ ಓಟ ಎಲ್ಲಿ ತಡೆದಿದೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಯಂತ್ರಕ್ಕೆ ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೇ ಪೀಳಿಗೆಯ ಪ್ರೊಸೆಸರ್ ಅಥವಾ ಅದರ ನಂತರದ್ದು ಇರಬೇಕು. ಅದಕ್ಕೂ ಹಿಂದಿನ ಬಹುತೇಕ ಯಂತ್ರಗಳನ್ನು ಅದು ಅಧಿಕೃತವಾಗಿ ಒಪ್ಪುವುದಿಲ್ಲ. ಇದರ ಪರಿಣಾಮ ದೊಡ್ಡ ಕಚೇರಿಗಳಲ್ಲಿ ಒಂದು ರೀತಿ, ನಮ್ಮ ಊರುಗಳಲ್ಲಿ ಇನ್ನೊಂದು ರೀತಿ. ಕಚೇರಿಗಳಿಂದ ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಕಾಂಪ್ಯಾಕ್, ಲೆನೊವೊ ಥಿಂಕ್‌ಸೆಂಟರ್ ಪೆಟ್ಟಿಗೆಗಳು ಕೈಯಿಂದ ಕೈಗೆ ದಾಟಿ ಸಣ್ಣ ಪಟ್ಟಣಗಳ ಅಂಗಡಿಗಳಿಗೆ ಬರುತ್ತವೆ. ಜಮಖಂಡಿಯ ಡಿಟಿಪಿ ಅಂಗಡಿ, ಬನಹಟ್ಟಿಯ ಸೀರೆ ವಿನ್ಯಾಸದ ಕೋಣೆ, ಮುಧೋಳದ ಫೋಟೊ ಸ್ಟುಡಿಯೊ, ಚಿಕ್ಕಪಡಸಲಗಿಯಲ್ಲಿ ಬಿಸಿಎ ಓದುವ ಹುಡುಗನ ಮನೆ: ಇಂಥ ಕಡೆಗಳಲ್ಲಿ ಹೊಸ ಕಂಪ್ಯೂಟರಿನ ದುಡ್ಡಿಲ್ಲದವರ ಕೆಲಸ ನಡೆಯುವುದೇ ಈ ಪೆಟ್ಟಿಗೆಗಳಿಂದ.

ತಂದ ನಾಲ್ಕು ದಿನಕ್ಕೆ ಹುಡುಗರು ಕೇಳುವ ಮೊದಲ ಪ್ರಶ್ನೆಯೂ ಗೊತ್ತಿರುವಂಥದ್ದೇ. ‘ಅಣ್ಣಾರ, ಇದನ್ನ ಓವರ್‌ಕ್ಲಾಕ್ ಮಾಡಾಕ ಬರತೈತೇನ್ರಿ?’

ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಕಂಪ್ಯೂಟರ್ ಎಂದರೆ ಪರದೆಯ ಮೇಲಿನ ಐಕಾನ್ ಎಂದು ತಿಳಿದಿದ್ದ ಹುಡುಗ, ಒಳಗೊಂದು ಗಡಿಯಾರ ಬಡಿಯುತ್ತಿದೆ, ಅದರ ಬಡಿತವನ್ನು ಹೆಚ್ಚಿಸಬಹುದು ಎಂದು ಯೋಚಿಸಲು ತೊಡಗಿದ್ದಾನೆ. ಆ ಕುತೂಹಲಕ್ಕೆ ನೇರ ಉತ್ತರ ಸಿಗಬೇಕು. ಕಂಪನಿ ಕಟ್ಟಿಕೊಟ್ಟ ಹಳೆ ಪೆಟ್ಟಿಗೆಯಲ್ಲಿ ಓವರ್‌ಕ್ಲಾಕಿಂಗ್‌ಗೆ ಬಹುಪಾಲು ದಾರಿಯೇ ಇಲ್ಲ, ದಾರಿ ಇದ್ದಲ್ಲಿಯೂ ಲಾಭ ಕಡಿಮೆ. ಆದರೆ ಅದೇ ಪೆಟ್ಟಿಗೆಯನ್ನು ಇಮ್ಮಡಿ ಚುರುಕು ಎನ್ನಿಸುವಂತೆ ಮಾಡುವ ದಾರಿ ಬೇರೆ ಇದೆ.

ಮೊದಲಿಗೆ, ಬಡಿತ ಹೆಚ್ಚಿಸಲು ಸಾಧ್ಯವಾಗುವುದಾದರೂ ಹೇಗೆ? ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೆಲ್ಲ ಒಂದೇ ಗುಣದವಾಗಿರುವುದಿಲ್ಲ. ಕಾರ್ಖಾನೆಯಲ್ಲಿ ಒಂದೊಂದನ್ನೂ ಪರೀಕ್ಷಿಸಿ, ಯಾವುದು ಎಷ್ಟು ವೇಗಕ್ಕೆ ತಡೆಯುತ್ತದೆ ಎಂದು ವಿಂಗಡಿಸಿ ಹೆಸರಿಡುತ್ತಾರೆ. ಕೆಟ್ಟ ಗಾಳಿ, ಹಳೆ ಫ್ಯಾನು, ಏರುಪೇರಿನ ವಿದ್ಯುತ್ತು ಇದ್ದರೂ ಕೆಲಸ ಕೆಡಬಾರದೆಂದು ಸ್ವಲ್ಪ ಅಂತರ ಉಳಿಸಿಯೇ ವೇಗ ಬರೆಯುತ್ತಾರೆ. ಮಾರುಕಟ್ಟೆಗೆ ಅಗ್ಗದ ಚಿಪ್ಪೇ ಹೆಚ್ಚು ಬೇಕಾದಾಗ ಒಳ್ಳೆಯ ಚಿಪ್ಪಿಗೂ ಕಡಿಮೆ ವೇಗದ ಹೆಸರು ಬೀಳುವುದುಂಟು. ಓವರ್‌ಕ್ಲಾಕ್ ಮಾಡುವವರು ಬಳಸಿಕೊಳ್ಳುವುದು ಈ ಉಳಿಕೆಯನ್ನು.

ಇದರ ಅತ್ಯಂತ ಪ್ರಸಿದ್ಧ ಕತೆ 1998ರದು. ಇಂಟೆಲ್ ಆ ವರ್ಷ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ತಂದಿತು. ಮದರ್‌ಬೋರ್ಡಿನ ಬಸ್ ವೇಗ 66 ಮೆಗಾಹರ್ಟ್ಸ್, ಅದನ್ನು ನಾಲ್ಕೂವರೆಯಿಂದ ಗುಣಿಸಿದರೆ 300. ಬಸ್ಸನ್ನು 100ಕ್ಕೆ ಏರಿಸಿದವರಿಗೆ ಅದೇ ಚಿಪ್ಪು 450ರಲ್ಲಿ ಓಡಿತು. ಅಂದರೆ ಹಲವು ಪಟ್ಟು ದುಬಾರಿಯಾದ ಪೆಂಟಿಯಂ 2ರ ಜೊತೆಗೆ ಹೆಗಲೆಣೆಯಾಗಿ ನಿಂತಿತು. ಓವರ್‌ಕ್ಲಾಕಿಂಗ್ ಎಂಬ ಹುಚ್ಚು ಜಗತ್ತಿನಾದ್ಯಂತ ಹಬ್ಬಿದ್ದರಲ್ಲಿ ಈ ಒಂದು ಚಿಪ್ಪಿನ ಪಾಲು ದೊಡ್ಡದು. ಆ ಹುಚ್ಚಿನ ಒಂದು ತುದಿ 2014ರಲ್ಲಿ ಕಂಡಿತು. ಎಎಂಡಿಯ ಎಫ್‌ಎಕ್ಸ್-8370 ಚಿಪ್ಪಿನ ಮೇಲೆ ದ್ರವ ನೈಟ್ರೋಜನ್ ಸುರಿದು ಅದನ್ನು 8.7 ಗಿಗಾಹರ್ಟ್ಸ್ ದಾಟಿಸಿದರು. ಅದು ಪ್ರದರ್ಶನದ ಮಾತು. ಅಂಥ ವೇಗದಲ್ಲಿ ಯಾರೂ ಲಗ್ನಪತ್ರಿಕೆ ಟೈಪ್ ಮಾಡುವುದಿಲ್ಲ.

ಈಗ ನಮ್ಮ ಮುಂದಿರುವ ಪೆಟ್ಟಿಗೆಗೆ ಬರೋಣ. ಹಳೆ ಸಾಮಾನಿನ ಪೇಟೆಯಲ್ಲಿ ಧಾರಾಳವಾಗಿ ಸಿಗುವ ಆಪ್ಟಿಪ್ಲೆಕ್ಸ್ 7010 ತೆಗೆದುಕೊಳ್ಳಿ. ಒಳಗೆ ಸಾಮಾನ್ಯವಾಗಿ ಇರುವುದು ಐ5-3470. ನಾಲ್ಕು ಕೋರ್, 3.2 ಗಿಗಾಹರ್ಟ್ಸ್, ಟರ್ಬೊ ಸಿಕ್ಕಾಗ 3.6. ವೇಗ ಹುಟ್ಟುವುದು ಎರಡು ಸಂಖ್ಯೆಯ ಗುಣಾಕಾರದಿಂದ: 100 ಮೆಗಾಹರ್ಟ್ಸಿನ ಮೂಲ ಬಡಿತ ಮತ್ತು ಅದರ ಮಲ್ಟಿಪ್ಲೈಯರ್. 2011ರ ಆರಂಭದಲ್ಲಿ ಬಂದ ಎರಡನೇ ಪೀಳಿಗೆಯಿಂದ ಇಂಟೆಲ್ ಮಲ್ಟಿಪ್ಲೈಯರ್ ಪೂರ್ತಿ ಬಿಚ್ಚಿಕೊಟ್ಟದ್ದು ಹೆಸರಿನ ಕೊನೆಗೆ ‘ಕೆ’ ಇರುವ 2500ಕೆ, 2600ಕೆ ಮೊದಲಾದವುಗಳಲ್ಲಿ ಮಾತ್ರ. ಕಚೇರಿ ಪೆಟ್ಟಿಗೆಯ ಚಿಪ್ಪಿಗೆ ಆ ಅಕ್ಷರ ಇರುವುದಿಲ್ಲ. ಇದ್ದರೂ ಸಾಲದು, ಮದರ್‌ಬೋರ್ಡಿನ ಚಿಪ್‌ಸೆಟ್ಟೂ ಒಪ್ಪಬೇಕು. 7010ರಲ್ಲಿರುವ ಕ್ಯೂ77 ಕಚೇರಿಯ ನಿರ್ವಹಣೆಗೆಂದು ಮಾಡಿದ್ದು. ಆಟದ ಬೋರ್ಡುಗಳಲ್ಲಿ ಸಿಗುವ ವೋಲ್ಟೇಜು, ಮಲ್ಟಿಪ್ಲೈಯರ್‌ಗಳ ಪುಟವೇ ಅದರ ಬಯೋಸ್‌ನಲ್ಲಿ ಇಲ್ಲ.

ಹಾಗಾದರೆ ಮೂಲ ಬಡಿತವನ್ನೇ ಏರಿಸಬಾರದೇ ಎಂದು ಚುರುಕಾದ ಹುಡುಗ ಕೇಳುತ್ತಾನೆ. ಇದಕ್ಕೆ ಚಿಕ್ಕಪಡಸಲಗಿಯವರಿಗೆ ಬೇರೆಲ್ಲಿಂದಲೋ ಉದಾಹರಣೆ ತರಬೇಕಿಲ್ಲ. ಜಮಖಂಡಿಯಿಂದ ವಿಜಯಪುರದ ದಾರಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕಟ್ಟಿದ ಬ್ಯಾರೇಜು ಅವರ ಊರಲ್ಲೇ ಇದೆ, ಶ್ರಮಬಿಂದು ಸಾಗರ. ಅಲ್ಲಿ ನೀರಿನ ಮಟ್ಟ ಒಂದು ಅಡಿ ಏರಿದರೆ ನಮಗೆ ಬೇಕಾದ ಒಂದು ಹೊಲದ ಪಂಪಿಗೆ ಮಾತ್ರ ನೀರು ಏರುವುದಿಲ್ಲ. ಹಿನ್ನೀರಿನ ಉದ್ದಕ್ಕೂ ಎರಡೂ ದಂಡೆ ಅದನ್ನು ತಾಳಿಕೊಳ್ಳಬೇಕು. ಈ ಪೀಳಿಗೆಯ ಮೂಲ ಬಡಿತವೂ ಹಾಗೆಯೇ. ಪ್ರೊಸೆಸರ್, ರ‍್ಯಾಮ್, ಪಿಸಿಐ ಎಕ್ಸ್‌ಪ್ರೆಸ್, ಹಾರ್ಡ್‌ಡಿಸ್ಕಿನ ಸಾಟಾ ದಾರಿ ಎಲ್ಲವೂ ಆ ಒಂದೇ ನೂರಕ್ಕೆ ಕಟ್ಟಿಕೊಂಡಿವೆ. 103, 105 ದಾಟುವ ಹೊತ್ತಿಗೆ ಡಿಸ್ಕಿಗೆ ಬರೆಯುವುದು ತಪ್ಪಾಗಿ ದಾಖಲಾಗುವ ಅಪಾಯ. ನೂರಕ್ಕೆ ಐದರ ಲಾಭಕ್ಕೆ ಗಿರಾಕಿಯ ಫೈಲುಗಳನ್ನು ಪಣಕ್ಕಿಡುವುದು ನನ್ನ ಮಟ್ಟಿಗೆ ಒಪ್ಪಲಾಗದ ವ್ಯವಹಾರ.

ಇನ್ನೂ ಹಳೆಯ ಕೋರ್ 2 ಡ್ಯುಯೊ ಪೆಟ್ಟಿಗೆಗಳಲ್ಲಿ ಮಾತ್ರ ಒಂದು ಸಂದು ಇತ್ತು. ಅದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದರಲ್ಲಿ ಕಲಿಯುವಂಥದ್ದಿದೆ. ಆ ಪ್ರೊಸೆಸರ್‌ನ ತಳದಲ್ಲಿ ಚಿನ್ನದ ಬಣ್ಣದ ನೂರಾರು ಚುಕ್ಕೆಗಳಿರುತ್ತವೆ. ಅವುಗಳಲ್ಲಿ ಬಿಸೆಲ್ ಎಂಬ ಹೆಸರಿನ ಮೂರು ಚುಕ್ಕೆಗಳು ‘ನನಗೆ ಬೇಕಾದ ಬಸ್ ವೇಗ ಇಷ್ಟು’ ಎಂದು ಬೋರ್ಡಿಗೆ ತಿಳಿಸುತ್ತವೆ. ಒಂದರ ಮೇಲೆ ಎಳ್ಳಿನಷ್ಟು ಟೇಪು ಅಂಟಿಸಿದರೆ, ಅಥವಾ ಇನ್ನೊಂದನ್ನು ವಿದ್ಯುತ್ ಹರಿಯುವ ಬಣ್ಣದಿಂದ ಪಕ್ಕದ ಗ್ರೌಂಡ್ ಚುಕ್ಕೆಗೆ ಸೇರಿಸಿದರೆ, ಚಿಪ್ಪು ಹೇಳುವ ಸಂಖ್ಯೆಯೇ ಬದಲಾಗುತ್ತದೆ. 2007ರ ಆರಂಭದಲ್ಲಿ ಬಂದ ಇ4300ರ ವೇಗ 200ನ್ನು ಒಂಬತ್ತರಿಂದ ಗುಣಿಸಿದ 1.8 ಗಿಗಾಹರ್ಟ್ಸ್. 266 ಎಂದು ನಂಬಿಸಿದರೆ 2.4. ಬಯೋಸ್‌ನಲ್ಲಿ ಪುಟ ಇಲ್ಲದಿದ್ದರೂ, ಬೋರ್ಡು ಆ ಬಸ್ ವೇಗವನ್ನು ಬಲ್ಲದ್ದಾಗಿದ್ದರೆ, ಯಂತ್ರ ತಾನಾಗಿಯೇ ಆ ವೇಗಕ್ಕೆ ಏಳುತ್ತಿತ್ತು. ಗುಜರಿಗೆ ಹೋಗಲಿರುವ ಯಂತ್ರವೊಂದು ಕೈಗೆ ಸಿಕ್ಕರೆ ಅದರ ಮೇಲೆ ಇದನ್ನು ಮಾಡಿ ನೋಡಿ ಎಂದು ಡಿಪ್ಲೊಮಾ ಹುಡುಗರಿಗೆ ನಾನು ಹೇಳುವುದುಂಟು. ಭೂತಗನ್ನಡಿ ಹಿಡಿದು ಸರಿಯಾದ ಚುಕ್ಕೆ ಹುಡುಕುವ ಆ ಹೊತ್ತಿನಲ್ಲಿ, ಸೊನ್ನೆ ಒಂದು ಎಂದರೆ ನಿಜವಾಗಿ ಏನು ಎಂಬುದು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ನಿತ್ಯ ದುಡಿಯುವ ಯಂತ್ರಕ್ಕೆ ಮಾತ್ರ ಬೇಡ.

ಬೇಡ ಎನ್ನಲು ದೊಡ್ಡ ಕಾರಣ ಶಾಖ. ಚಿಪ್ಪು ಉಣ್ಣುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗವನ್ನು ನೂರಕ್ಕೆ 20 ಏರಿಸಿ, ಅದು ತಡೆಯಲೆಂದು ವೋಲ್ಟೇಜನ್ನು ನೂರಕ್ಕೆ 10 ಏರಿಸಿದರೆ ಖರ್ಚು ನೂರಕ್ಕೆ 45ರಷ್ಟು ಹೆಚ್ಚುತ್ತದೆ. ಅಷ್ಟೂ ಶಾಖವಾಗಿ ಹೊರಬರಬೇಕು. ಹೀಟ್‌ಸಿಂಕ್ ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಏಸಿ ಇರುವ 25 ಡಿಗ್ರಿಯ ಕೋಣೆಯಲ್ಲಿ 70ಕ್ಕೆ ನಿಲ್ಲುವ ಚಿಪ್ಪು, ಜಮಖಂಡಿಯ ಮೇ ತಿಂಗಳಲ್ಲಿ ತಗಡಿನ ಛಾವಣಿಯ ಅಂಗಡಿಯ 40 ಡಿಗ್ರಿಯಲ್ಲಿ ಹೆಚ್ಚುಕಡಿಮೆ 85ಕ್ಕೆ ಹೋಗುತ್ತದೆ. ನೂರರ ಆಸುಪಾಸಿಗೆ ಬಂದೊಡನೆ ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಏರಿಸಿದ್ದೆಲ್ಲ ಮಧ್ಯಾಹ್ನದ ಹೊತ್ತಿಗೆ ಕರಗಿತು. ಜೊತೆಗೆ ಕಚೇರಿ ಪೆಟ್ಟಿಗೆಯ ಪವರ್ ಸಪ್ಲೈ ಚಿಕ್ಕದು. 7010ರ ಸಣ್ಣ ಮಾದರಿಯಲ್ಲಿ 240 ವ್ಯಾಟ್, ಟವರ್ ಮಾದರಿಯಲ್ಲಿ 275. ಹತ್ತು ವರ್ಷ ದುಡಿದ ಕೆಪ್ಯಾಸಿಟರ್‌ಗಳ ಮೇಲೆ ಹೊಸ ಭಾರ ಹೊರಿಸುವುದು ಜಾಣತನವಲ್ಲ.

ಈ ಭಾಗದ ಧೂಳಿಗೂ ತನ್ನದೇ ಗುಣವಿದೆ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವ ದಿನಗಳಲ್ಲಿ ಕರಿ ಬೂದಿಯ ಚಕ್ಕೆಗಳು ಊರೊಳಗೂ ಹಾರಿ ಬರುತ್ತವೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮನೆಗೆ ಹೊಂದಿಕೊಂಡ ಕೋಣೆಯ ಕಂಪ್ಯೂಟರ್ ಬಿಚ್ಚಿ ನೋಡಿ. ಫ್ಯಾನು ತೆಗೆದರೆ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳು ಕಾಣುವುದೇ ಇಲ್ಲ. ನೂಲಿನ ಎಳೆಯೂ ಧೂಳೂ ಕೂಡಿ ಬೂದು ಬಣ್ಣದ ಕಂಬಳಿಯಂತೆ ಹಾಸಿರುತ್ತದೆ, ಚಿಮಟದಲ್ಲಿ ಹಿಡಿದರೆ ಇಡಿಯಾಗಿ ಎದ್ದು ಬರುತ್ತದೆ. ಅದರ ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿರುತ್ತದೆ. ಆ ಚಿಪ್ಪು 3.6 ಇರಲಿ, ಬರೆದ 3.2ರಲ್ಲೂ ಓಡುತ್ತಿರುವುದು ಅನುಮಾನ. ಧೂಳು ತೆಗೆದು, ಹಳೆ ಪೇಸ್ಟನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಕಡಲೆ ಕಾಳಿನಷ್ಟು ಹೊಸದನ್ನು ಇಟ್ಟು ಸಿಂಕ್ ಬಿಗಿದರೆ ಕಂಪನಿ ಮಾತುಕೊಟ್ಟ ಟರ್ಬೊ ಮರಳಿ ಸಿಗುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಬೆರಳು ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಅದು ಸುತ್ತಿ ಬೇರಿಂಗ್ ಹಾಳಾಗುತ್ತದೆ.

ಆಮೇಲೆ ನಿಜವಾದ ಪತ್ತೆದಾರಿಕೆ. ಯಂತ್ರ ನಿಧಾನ ಎನ್ನಿಸುವ ಹೊತ್ತಿಗೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಹತ್ತರಲ್ಲಿ ಎಂಟು ಪೆಟ್ಟಿಗೆಗಳಲ್ಲಿ ಎಂಬಂತೆ ಕಾಣುವ ದೃಶ್ಯ ಒಂದೇ: ಸಿಪಿಯು 15, 20ರಲ್ಲಿ ಆರಾಮಾಗಿ ಕುಳಿತಿದೆ, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದೆ. ಕಾಯುತ್ತಿರುವ ಪ್ರೊಸೆಸರನ್ನು ಇನ್ನಷ್ಟು ವೇಗವಾಗಿಸಿದರೆ ಅದು ಇನ್ನಷ್ಟು ವೇಗವಾಗಿ ಕಾಯುತ್ತದೆ, ಅಷ್ಟೇ. ತಿರುಗುವ ಹಾರ್ಡ್‌ಡಿಸ್ಕ್ ಚದುರಿದ ಸಣ್ಣ ಫೈಲುಗಳನ್ನು ಹುಡುಕಿಕೊಡುವುದು ಸೆಕೆಂಡಿಗೆ ನೂರರ ಲೆಕ್ಕದಲ್ಲಿ. ಸಾಧಾರಣ ಸಾಟಾ ಎಸ್‌ಎಸ್‌ಡಿ ಹತ್ತಾರು ಸಾವಿರದ ಲೆಕ್ಕದಲ್ಲಿ. ಇಷ್ಟು ದೊಡ್ಡ ಅಂತರವನ್ನು ಯಾವ ಓವರ್‌ಕ್ಲಾಕಿಂಗೂ ಕೊಡಲಾರದು. 4 ಜಿಬಿ ರ‍್ಯಾಮ್ ಇದ್ದರೆ ಅದು ಎರಡನೇ ಗಂಟು: ನುಡಿ, ಪೇಜ್‌ಮೇಕರ್, ಬ್ರೌಸರಿನ ನಾಲ್ಕು ಟ್ಯಾಬು ತೆರೆಯುವಷ್ಟರಲ್ಲಿ ತುಂಬಿ, ಉಳಿದದ್ದು ಡಿಸ್ಕಿಗೆ ಹರಿಯುತ್ತದೆ. 8 ಜಿಬಿಯ ಒಂದೇ ಕಡ್ಡಿಗಿಂತ 4ರ ಎರಡು ಒಂದೇ ಬಗೆಯವು ಹಾಕಿದರೆ ರ‍್ಯಾಮಿನ ಎರಡೂ ದಾರಿ (ಚಾನೆಲ್) ತೆರೆದು ಒಳಗಿನ ಗ್ರಾಫಿಕ್ಸಿಗೂ ಉಸಿರು ಬರುತ್ತದೆ.

ಇಷ್ಟಾದ ಮೇಲೂ ಸಿಪಿಯು ನೂರಕ್ಕೆ ತಾಗುತ್ತಿದ್ದರೆ, ಮದುವೆಯ ವಿಡಿಯೊ ಎಡಿಟ್ ಮಾಡುವವರಿಗೆ ಹಾಗಾಗುವುದು ಸಹಜ, ಆಗ ಪ್ರೊಸೆಸರನ್ನೇ ಬದಲಿಸುವುದು ಓವರ್‌ಕ್ಲಾಕಿಗಿಂತ ನೇರ ದಾರಿ. ಐ5-3470 ತೆಗೆದ ಸಾಕೆಟ್ಟಿಗೇ ಐ7-3770 ಕೂರುತ್ತದೆ. ಎರಡಕ್ಕೂ 77 ವ್ಯಾಟಿನ ಮಿತಿ, ಎರಡನೆಯದಕ್ಕೆ ಎಂಟು ಥ್ರೆಡ್. ಬೆಂಗಳೂರಿನ ಎಸ್‌ಪಿ ರೋಡಿನಂಥ ಪೇಟೆಗಳಲ್ಲಿ ಹಳೆ ಚಿಪ್ಪು ಬಿಡಿಯಾಗಿ ಸಿಗುತ್ತದೆ. ಕೊಳ್ಳುವಾಗ ತಳದ ಚುಕ್ಕೆ ಸವೆದಿದೆಯೇ, ಅಂಚು ಮುರಿದಿದೆಯೇ ನೋಡಿಕೊಳ್ಳಿ. ಸಾಕೆಟ್ಟಿನ ಕೂದಲಿನಂಥ ತಂತಿಗಳಿಗೆ ಕೈ ತಾಗಿಸಬೇಡಿ. ಒಂದು ಬಾಗಿದರೂ ಬೋರ್ಡು ಹೋದಂತೆ.

ಬೆಂಗಳೂರಿನ ಹೆಸರು ಬಂದಾಗ ಇನ್ನೊಂದನ್ನು ಈ ಹುಡುಗರಿಗೆ ಹೇಳಬೇಕೆನಿಸುತ್ತದೆ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಹೊರತಂದ ಜಿಯಾನ್ 7400 ಎಂಬ ಸರ್ವರ್ ಪ್ರೊಸೆಸರ್, ಡನಿಂಗ್ಟನ್ ಎಂಬುದು ಅದರ ಒಳಹೆಸರು, ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಯಾವ ಭಾಗ ಎಷ್ಟು ವೇಗಕ್ಕೆ ತಡೆಯುತ್ತದೆ, ಎಲ್ಲಿ ಶಾಖ ಕೂಡಿಕೊಳ್ಳುತ್ತದೆ, ಎಷ್ಟು ಅಂತರ ಉಳಿಸಬೇಕು ಎಂದು ಲೆಕ್ಕ ಹಾಕುವ ಆ ಕೆಲಸ ಕೃಷ್ಣಾ ದಂಡೆಯ ಹುಡುಗ ಹಳೆ ಪೆಟ್ಟಿಗೆ ಬಿಚ್ಚಿ ಕೇಳುವ ಪ್ರಶ್ನೆಗಳದೇ ಮುಂದುವರಿಕೆ. ಬೆಂಗಳೂರು ಇಲ್ಲಿಂದ ಒಂದು ರಾತ್ರಿಯ ದಾರಿ.

ವಿಂಡೋಸ್ ಕೈಬಿಟ್ಟ ಯಂತ್ರಕ್ಕೆ ಲಿನಕ್ಸ್ ಹಾಕುವುದೂ ಈಗ ಕಷ್ಟವಲ್ಲ; ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ ಅದರಲ್ಲಿಯೂ ಸಿಗುತ್ತದೆ, ಓದುವ ಹುಡುಗರಿಗೆ ಅದು ಸಾಕು. ಹಳೆ ನುಡಿ ಅಕ್ಷರಗಳ ಫೈಲುಗಳ ಮೇಲೆ ಬದುಕಿರುವ ಡಿಟಿಪಿ ಅಂಗಡಿಗಳಿಗೆ ಮಾತ್ರ ವಿಂಡೋಸ್ ಬಿಡುವುದು ಅಷ್ಟು ಸುಲಭವಲ್ಲ. ಅಂಥವರು ಆ ಯಂತ್ರವನ್ನು ಇಂಟರ್‌ನೆಟ್ಟಿನಿಂದ ಬೇರೆಯಿಟ್ಟು, ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಓವರ್‌ಕ್ಲಾಕಿಂಗ್ ಕಲಿಯಲೇಬೇಕು ಎನ್ನುವವರು ಕಚೇರಿ ಪೆಟ್ಟಿಗೆಯ ಜೊತೆ ಗುದ್ದಾಡುವುದನ್ನು ಬಿಟ್ಟು, ಝಡ್77 ಬೋರ್ಡು ಮತ್ತು ‘ಕೆ’ ಅಕ್ಷರದ ಒಂದು ಚಿಪ್ಪನ್ನು ಹಳೆಯದರಲ್ಲೇ ಹುಡುಕಲಿ. ಒಳ್ಳೆಯ ಪವರ್ ಸಪ್ಲೈ, ದೊಡ್ಡ ಹೀಟ್‌ಸಿಂಕ್ ಹಾಕಿ, ಮಲ್ಟಿಪ್ಲೈಯರ್ ಒಂದೊಂದೇ ಮೆಟ್ಟಿಲು ಏರಿಸಲಿ. ವೋಲ್ಟೇಜು ಮುಟ್ಟುವ ಮೊದಲು ಪ್ರತಿ ಮೆಟ್ಟಿಲಿನಲ್ಲಿ ಗಂಟೆಗಟ್ಟಲೆ ಭಾರ ಹೊರಿಸಿ, ಉಷ್ಣತೆಯನ್ನು ವಹಿಯಲ್ಲಿ ಬರೆದಿಡಲಿ. ಯಂತ್ರ ಏಳದೆ ಹೋದರೆ ಪ್ಲಗ್ ಕಿತ್ತು, ಬೋರ್ಡಿನ ಸಿಆರ್2032 ಸೆಲ್ ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿದರೆ ಬಯೋಸ್ ಮೊದಲಿನ ಸ್ಥಿತಿಗೆ ಬರುತ್ತದೆ. ಕೊನೆಯ ಪರೀಕ್ಷೆಯನ್ನು ಜನವರಿಯ ಬೆಳಗಿನ ಚಳಿಯಲ್ಲಿ ಮಾಡಿ ಪಾಸಾಯಿತೆನ್ನಬೇಡಿ. ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ, ಕಿಟಕಿ ತೆರೆದು, ಆ ಕೋಣೆಯ ಗಾಳಿಯಲ್ಲೇ ಮಾಡಿ.